ಸವೆದ ಅಕ್ಷರ, ಓದಲಾಗದ ಅಕ್ಷರ: ಜಟಿಂಗ ರಾಮೇಶ್ವರದ ಬಂಡೆಯಿಂದ ನಮ್ಮ ಮೊಬೈಲಿನವರೆಗೆ

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನ ಒಂದಲ್ಲ, ಮೂರು ಇವೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ. ಮೂರೂ ಒಂದಕ್ಕೊಂದು ಹತ್ತಿರ. ಮೂರರಲ್ಲೂ ಒಕ್ಕಣೆ ಬಹುಪಾಲು ಒಂದೇ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆದೇಶ ಅದು. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿಸಿ, ಸತ್ಯ ಹೇಳಿ ಎನ್ನುತ್ತದೆ. ಕಾಲ ಕ್ರಿ.ಪೂ. 3ನೇ ಶತಮಾನ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ.

ಈ ಬಂಡೆಗಳಿಗೂ ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಕಾಣದಿರುವುದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಬರಹ ಎರಡು ರೀತಿಯಲ್ಲಿ ಕೈತಪ್ಪುತ್ತದೆ. ಒಂದು, ಅಕ್ಷರ ಹಾಗೇ ಇದ್ದರೂ ಓದುವ ಕೀಲಿ ನಮ್ಮ ಬಳಿ ಇರುವುದಿಲ್ಲ. ಇನ್ನೊಂದು, ಅಕ್ಷರವೇ ಅಳಿಸಿಹೋಗಿರುತ್ತದೆ. ನಮ್ಮ ಬೆಟ್ಟಗಳಲ್ಲಿ ಎರಡಕ್ಕೂ ಉದಾಹರಣೆ ಸಿಗುತ್ತದೆ.

ಕೀಲಿ ಕಳೆದರೆ

ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಶತಮಾನಗಳ ಕಾಲ ಯಾರೂ ಇರಲಿಲ್ಲ. ಬಂಡೆ ಅಲ್ಲೇ ಇತ್ತು, ಅಕ್ಷರವೂ ಇತ್ತು, ಅರ್ಥ ಮಾತ್ರ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಕೂತು ಯಾವ ಗುರುತಿಗೆ ಯಾವ ಉಚ್ಚಾರ ಎಂದು ಪಟ್ಟಿ ಮಾಡಿದ. 1892ರಲ್ಲಿ ಬಿ.ಎಲ್. ರೈಸ್ ನಮ್ಮ ಕಡೆಯ ಶಾಸನಗಳನ್ನು ಪತ್ತೆ ಮಾಡುವ ಹೊತ್ತಿಗೆ ಆ ಪಟ್ಟಿ ತಯಾರಿತ್ತು, ಹಾಗಾಗಿ ಓದಲು ಸಾಧ್ಯವಾಯಿತು.

ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಒಂದು ತಮಾಷೆಯೂ ಇದೆ. ಬರೆದವನ ಹೆಸರು ಚಪಡ. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದವನು, 'ಲಿಪಿಕಾರ' ಎಂದು ತನ್ನ ಕಸುಬು ಹೇಳುವ ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ. ಬ್ರಾಹ್ಮಿ ಮಾತ್ರ ಗೊತ್ತಿದ್ದವರಿಗೆ ಆ ಪದ ಬರೀ ಗೀಚು.

ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಆಗಿದ್ದೂ ಇದೇ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ ಬೇಕು. 1990ರ ದಶಕದಲ್ಲಿ ಒಂದೊಂದು ತಂತ್ರಾಂಶದ್ದು ಒಂದೊಂದು ಪಟ್ಟಿ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು 'ನುಡಿ' ತಂದಿತು, ಅದರ ಕೀಲಿಮಣೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ್ದು. ಇವುಗಳಿಂದಲೇ ಕನ್ನಡ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಬಂತು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಡೆ ಆ ವೇಷ ಕಳಚುತ್ತದೆ. ನುಡಿಯ 'ನ' ಅಕ್ಷರ ಪೌಂಡ್ ಹಣದ ಗುರುತಾಗಿ ಕಾಣುವುದು ಅದಕ್ಕೇ.

ಎಲ್ಲ ಭಾಷೆಗೂ ಒಂದೇ ಪಟ್ಟಿ ಎಂಬ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನ ಮೀಸಲಾಗಿತ್ತು. ಆದರೆ ಅದು ಬಳಕೆಗೆ ಬರಲು ತಡವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂತು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಕೀಲಿಮಣೆ ಸೇರಿದ್ದು 2012ರ 4.1 ಆವೃತ್ತಿಯಲ್ಲಿ.

ತೊಂದರೆ ಗುರುತಿಸುವುದು ಹೇಗೆ?

ಬರೀ ಚೌಕಗಳು ಕಂಡರೆ ಕನ್ನಡ ಫಾಂಟ್ ಇಲ್ಲ ಎಂದರ್ಥ. ಫೋನನ್ನೂ ಬ್ರೌಸರನ್ನೂ ಅಪ್‌ಡೇಟ್ ಮಾಡಿ. ಕಂಪ್ಯೂಟರಾದರೆ ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿ, ಅಥವಾ ಉಚಿತವಾಗಿ ಸಿಗುವ 'ನೋಟೋ ಸಾನ್ಸ್ ಕನ್ನಡ' ಹಾಕಿಕೊಳ್ಳಿ.

ಒತ್ತಕ್ಷರ ಕೂಡದೆ ಬಿಡಿಬಿಡಿಯಾಗಿ ನಿಂತಿದ್ದರೆ ಅಕ್ಷರ ಜೋಡಿಸುವ ವ್ಯವಸ್ಥೆ ಹಳೆಯದು. ಇದಕ್ಕೂ ಅಪ್‌ಡೇಟೇ ಮದ್ದು. ಒಂದೇ ಆ್ಯಪ್‌ನಲ್ಲಿ ಹೀಗಾಗುತ್ತಿದ್ದರೆ ಅದೇ ಕಡತವನ್ನು ಬೇರೆ ಆ್ಯಪ್‌ನಲ್ಲಿ ತೆರೆದು ನೋಡಿ.

ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಹಳೆಯ ನುಡಿ ಅಥವಾ ಬರಹದ ಕಡತ. ಕಳಿಸಿದವರನ್ನು ಪಿಡಿಎಫ್ ಕೇಳಿ. ಅದರೊಳಗೆ ಫಾಂಟ್ ಸೇರಿರುವುದರಿಂದ ಓದಲು, ಪ್ರಿಂಟ್ ತೆಗೆಯಲು ಸಾಕು. ತಿದ್ದಬೇಕೆಂದರೆ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿ.

ಯೂನಿಕೋಡ್ ಹೌದೋ ಅಲ್ಲವೋ ತಿಳಿಯಲು ಒಂದು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗೇ ಉಳಿದರೆ ಯೂನಿಕೋಡ್.

ಇವೆಲ್ಲ ಕೀಲಿ ಕಳೆದ ಪ್ರಕರಣಗಳು. ಬರಹ ಒಳಗೆ ಸುರಕ್ಷಿತವಾಗಿದೆ. ಸಂಘದ ನಡಾವಳಿ, ಅಜ್ಜಿಯಿಂದ ಕೇಳಿ ಟೈಪ್ ಮಾಡಿಸಿದ ಸೋಬಾನೆ ಪದ, ಜಮೀನಿನ ಅರ್ಜಿ, ಏನೇ ಇರಲಿ, ಕಡತ ಕೆಟ್ಟಿದೆ ಎಂದು ಅಳಿಸಬೇಡಿ.

ಅಕ್ಷರವೇ ಹೋದರೆ

ಜಟಿಂಗ ರಾಮೇಶ್ವರದ ಕಥೆ ಬೇರೆ. ಅಲ್ಲಿ ಶಾಸನ ಇರುವುದು ದೇವಸ್ಥಾನದ ಎದುರಿನ ಇಳಿಜಾರು ಬಂಡೆಯ ಮೇಲೆ. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಬಳೆ ಹರಡಿ ಕೂರುತ್ತಿದ್ದರಿಂದ ಅದಕ್ಕೆ ಬಳೆಗಾರ ಗುಂಡು ಎಂಬ ಹೆಸರಿದೆ. ಆ ಶಾಸನ ಬಹಳ ಸವೆದಿದೆ. ಹೋದ ಅಕ್ಷರವನ್ನು ಯಾವ ಪಟ್ಟಿಯೂ ಓದಿಕೊಡಲಾರದು.

ಕಂಪ್ಯೂಟರಿನಲ್ಲಿ ಇದಕ್ಕೆ ಸಾಟಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕನ್ನಡ ತಿಳಿಯದ ಹಳೆಯ ತಂತ್ರಾಂಶದಲ್ಲಿ, ಅಥವಾ ನೋಟ್‌ಪ್ಯಾಡಿನಲ್ಲಿ 'ಆನ್ಸಿ' ಎಂಬ ಆಯ್ಕೆಯಲ್ಲಿ ಉಳಿಸಿದರೆ, ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ದಾಖಲಾಗುತ್ತದೆ. ಆಮೇಲೆ ಯಾವ ಫಾಂಟ್ ಹಾಕಿದರೂ ಬರಹ ಮರಳುವುದಿಲ್ಲ. ಉಳಿಸುವಾಗ 'ಯುಟಿಎಫ್-8' ಆಯ್ದುಕೊಳ್ಳಿ. ಇಷ್ಟಾದ ಮೇಲೆ ಇರುವ ದಾರಿ ಒಂದೇ, ಮೂಲ ಪ್ರತಿ ಹುಡುಕುವುದು. ಕಳಿಸಿದವರ ಇಮೇಲ್‌ನಲ್ಲೋ ಹಳೆಯ ಪೆನ್‌ಡ್ರೈವ್‌ನಲ್ಲೋ ಅದು ಇರಬಹುದು.

ಜಟಿಂಗ ರಾಮೇಶ್ವರದ ಶಾಸನದಲ್ಲಿ ಏನಿತ್ತೆಂದು ನಮಗೆ ಇವತ್ತು ಗೊತ್ತಾಗುವುದು ಕೂಡ ಹಾಗೆಯೇ. ಅದೇ ಒಕ್ಕಣೆ ಬ್ರಹ್ಮಗಿರಿಯಲ್ಲೂ ಸಿದ್ದಾಪುರದಲ್ಲೂ ಇದ್ದುದರಿಂದ ವಿದ್ವಾಂಸರು ಸವೆದ ಸಾಲುಗಳನ್ನು ತುಂಬಿಕೊಂಡರು. ನಿಮಗೆ ಬೇಕಾದ ಕಡತವನ್ನೂ ಮೂರು ಕಡೆ ಇಡಿ: ಫೋನಿನಲ್ಲಿ ಒಂದು, ನಿಮ್ಮದೇ ಇಮೇಲಿಗೆ ಕಳಿಸಿಕೊಂಡದ್ದು ಒಂದು, ಪ್ರಿಂಟ್ ತೆಗೆದು ಪೆಟ್ಟಿಗೆಯಲ್ಲಿಟ್ಟದ್ದು ಒಂದು.