ಪ್ರಾತಿನಿಧ್ಯ ಮತ್ತು ಭೂಮಿ: ಧಾರವಾಡ ಸೀಮೆಯ ಗೇಣಿದಾರರ ನಿದರ್ಶನ

ಇಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿರುವ ದುಂಡಸಿಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಏಕೀಕರಣದ ಸಂಭ್ರಮದಲ್ಲಿ ಈ ಸೀಮೆಯ ಗೇಣಿದಾರನಿಗೆ, ಇಲ್ಲಿಯ ಮಾತಿನಲ್ಲಿ ಲಾವಣಿದಾರನಿಗೆ, ಒದಗಿದ ನಷ್ಟವನ್ನು ನಮ್ಮ ಚರಿತ್ರಕಾರರು ಸಾಕಷ್ಟು ಗಮನಿಸಿದಂತಿಲ್ಲ. ಮುಂಬಯಿಯ 1948ರ ಗೇಣಿ ಕಾಯಿದೆಗೆ 1956ರಲ್ಲಾದ ತಿದ್ದುಪಡಿಯ ಮೇರೆಗೆ, 1957ರ ಏಪ್ರಿಲ್ 1ರಂದು ಉಳುವವನೇ ಭೂಮಿಯನ್ನು ಖರೀದಿಸಿದವನೆಂದು ಭಾವಿಸತಕ್ಕದ್ದಾಗಿತ್ತು. ಮೈಸೂರು ರಾಜ್ಯವು 1957ರಲ್ಲಿಯೇ ಆ ಕಲಮುಗಳನ್ನು ಅಮಾನತಿನಲ್ಲಿರಿಸಿತು. ಗಡಿಯಾಚೆಯ ಗೇಣಿದಾರನಿಗೆ ಅಂದು ದೊರೆತ ಹಕ್ಕಿಗಾಗಿ ಧಾರವಾಡದವನು ಹದಿನೇಳು ವರ್ಷ ಕಾಯಬೇಕಾಯಿತು. ಮತಾಧಿಕಾರವಂತೂ ಇಬ್ಬರಿಗೂ ಇತ್ತು.

ಮತವಿದ್ದೂ ಭೂಮಿಯಿಲ್ಲದ ಈ ಸ್ಥಿತಿಗೆ ಅಮೆರಿಕದ ಚರಿತ್ರೆಯಲ್ಲಿ ಕಠೋರವಾದ ನಿದರ್ಶನವಿದೆ. ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಕುಟುಂಬಗಳಿಗೆ ದಕ್ಷಿಣದ ಕರಾವಳಿಯಲ್ಲಿ 40 ಎಕರೆವರೆಗೆ ಭೂಮಿ ನೀಡಲು ಜನರಲ್ ಶೆರ್ಮನ್ 1865ರ ಜನವರಿಯಲ್ಲಿ ಆಜ್ಞೆ ಹೊರಡಿಸಿದನು. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಹೊರಟನು. 1870ರಲ್ಲಿ ಹದಿನೈದನೆಯ ತಿದ್ದುಪಡಿ ಬಂದಿತು, ಹೈರಮ್ ರೆವೆಲ್ಸ್ ಸೆನೆಟ್ ಪ್ರವೇಶಿಸಿದರು. ಆದರೆ ಅನ್ನವು ಭೂಮಾಲೀಕನ ಕೈಯಲ್ಲಿದ್ದಾಗ ಮತವು ಬಹುಕಾಲ ಉಳಿಯಲಿಲ್ಲ. ಹಿಂಸೆಯ ಬೆನ್ನಿಗೆ ತಲೆಗಂದಾಯ, ಅಕ್ಷರ ಪರೀಕ್ಷೆಗಳು ಬಂದವು. 1901ರಿಂದ 1929ರವರೆಗೆ ಕಾಂಗ್ರೆಸ್ಸಿನಲ್ಲಿ ಒಬ್ಬ ಕಪ್ಪು ಸದಸ್ಯನೂ ಇರಲಿಲ್ಲ. ಜಾತಿಯೂ ವರ್ಣವೂ ಒಂದೇ ಎಂಬುದು ನಮ್ಮ ವಾದವಲ್ಲ; ಹೋಲಿಕೆ ಈ ಒಂದು ಅಂಶಕ್ಕೆ ಸೀಮಿತವಾದುದು.

ದೇವರಾಜ ಅರಸು ಅವರ ಸರ್ಕಾರ ಎರಡನ್ನೂ ಏಕಕಾಲಕ್ಕೆ ಕೈಗೆತ್ತಿಕೊಂಡಿತೆಂಬುದೇ ಅದರ ವಿಶೇಷ. ರಾಣೆಬೆನ್ನೂರಿನ ನ್ಯಾಯವಾದಿ ಎಲ್. ಜಿ. ಹಾವನೂರು ಅವರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಸಲ್ಲಿಸಿತು. ಲಿಂಗಾಯತರನ್ನು ಕೈಬಿಟ್ಟು ಒಕ್ಕಲಿಗರನ್ನು ಸೇರಿಸಿದ ಅದರ ಕ್ರಮವನ್ನು ಉತ್ತರ ಕರ್ನಾಟಕದಲ್ಲಿ ಅನೇಕರು ಆಕ್ಷೇಪಿಸಿದರು. ಆ ಆಕ್ಷೇಪ ತೀರಾ ನಿರಾಧಾರವಾದುದಲ್ಲ. ಈ ನಡುವೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಭೂಮಿಯನ್ನು ಸರ್ಕಾರದಲ್ಲಿ ನಿಹಿತಗೊಳಿಸಿತು. ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿಯೊಡನೆ ನಾಲ್ವರು ನಾಮಕರಣ ಸದಸ್ಯರಿದ್ದು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ವಕೀಲರ ಪ್ರವೇಶಕ್ಕೂ ಕಾಯಿದೆ ನಿರ್ಬಂಧ ಹಾಕಿತ್ತು. ವಿಧಾನಸಭೆಯ ಮೀಸಲು ಸ್ಥಾನಕ್ಕಿಂತ ಈ ಒಂದು ಕುರ್ಚಿ ಹಳ್ಳಿಯ ಬದುಕಿಗೆ ಹತ್ತಿರವಾದುದೆಂದು ನಮಗೆ ತೋರುತ್ತದೆ.

ಆದರೆ ಆ ಕುರ್ಚಿಯಲ್ಲಿ ಕುಳಿತವನ ಬಂಧುಗಳು ಬಹುಮಟ್ಟಿಗೆ ಗೇಣಿದಾರರಲ್ಲ, ಕೂಲಿಕಾರರು. ಏಳನೆಯ ನಮೂನೆಯ ಅರ್ಜಿ ಸಲ್ಲಿಸಲು ಕಡೆಯ ಗಡುವು 1979ರ ಜೂನ್ 30ಕ್ಕೆ ಮುಗಿದಾಗ, ಅವರಿಗೆ ಸಲ್ಲಿಸಲು ಅರ್ಜಿಯೇ ಇರಲಿಲ್ಲ.