ಕೌಟಿಲ್ಯನ ಅಧ್ಯಕ್ಷರೂ ಅವರ ಕಾರ್ಯಫಲದ ಮಿತಿಯೂ

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಯ ಪ್ರತಿಯ ಆಧಾರದಿಂದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅರ್ಥಶಾಸ್ತ್ರದ ಮೂಲವನ್ನು ಪ್ರಕಟಿಸಿದಂದಿನಿಂದ, ವಿದ್ವಾಂಸರ ದೃಷ್ಟಿಯು ಹೆಚ್ಚಾಗಿ ಅದರ ಗೂಢಚಾರರ ಮೇಲೆಯೂ ಮಂಡಲಸಿದ್ಧಾಂತದ ಮೇಲೆಯೂ ಬಿದ್ದಿತು. ಗ್ರಂಥದ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರವು ಮೂವತ್ತಾರು ಅಧ್ಯಾಯಗಳಷ್ಟು ವಿಸ್ತಾರವಾದುದಾದರೂ, ತೂಕ, ಅಳತೆ, ನೂಲು, ತುಪ್ಪಗಳ ಲೆಕ್ಕವೆಂದು ಅನೇಕರು ಅದನ್ನು ಬೇಗನೆ ದಾಟಿಹೋಗುತ್ತಾರೆ. ಆದರೆ ಒಡೆಯನು ಸೇವಕನಿಂದ ಎಷ್ಟು ಫಲವನ್ನು ನಿರೀಕ್ಷಿಸಬಹುದು, ಆ ನಿರೀಕ್ಷೆಗೆ ಮೇಲುಗಡೆಯೂ ಒಂದು ಎಲ್ಲೆಯುಂಟೇ ಎಂಬ ಪ್ರಶ್ನೆಗೆ ಉತ್ತರವಿರುವುದು ಈ ಶುಷ್ಕವಾದ ಲೆಕ್ಕಗಳಲ್ಲಿಯೇ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಗ್ರಂಥವು ಚಂದ್ರಗುಪ್ತ ಮೌರ್ಯನ ಮಂತ್ರಿಯದೆಂಬ ಸಂಪ್ರದಾಯವನ್ನು ಈಗಿನ ಅನೇಕ ಸಂಶೋಧಕರು ಒಪ್ಪುವುದಿಲ್ಲ. ೨೦೧೩ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದ ಓಲಿವೆಲ್ ಅವರು ಇದನ್ನು ಕ್ರಿಸ್ತಶಕದ ಆರಂಭದ ಆಸುಪಾಸಿಗೂ ಅದರ ಮುಂದಿನ ಶತಮಾನಗಳಿಗೂ ತರುತ್ತಾರೆ. ಅದೂ ಅಲ್ಲದೆ ಇದು ಶಾಸ್ತ್ರ, ಕಡತವಲ್ಲ. ಹೀಗೆ ನಡೆಯಿತೆಂಬುದಕ್ಕಲ್ಲ, ಹೀಗೆ ನಡೆಯತಕ್ಕದ್ದೆಂದು ಒಬ್ಬ ತಜ್ಞನು ಎಣಿಸಿದನೆಂಬುದಕ್ಕೆ ಮಾತ್ರ ಇದು ಪ್ರಮಾಣ.

ಉಪಯುಕ್ತಪರೀಕ್ಷೆಯೆಂಬ ಒಂಬತ್ತನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಧಿಕಾರದ ವಿಷಯವಾಗಿಯೂ ರಾಜನು ಏಳು ಸಂಗತಿಗಳನ್ನು ತಿಳಿದಿರಬೇಕೆಂದು ವಿಧಿಸಿದೆ: ಕರ್ತೃ, ಕರಣ, ದೇಶ, ಕಾಲ, ಕಾರ್ಯ, ಪ್ರಕ್ಷೇಪ, ಉದಯ. ಮಾಡುವವನಾರು, ಯಾವುದರಿಂದ, ಎಲ್ಲಿ, ಯಾವಾಗ, ಏನನ್ನು ಮಾಡುವನು ಎಂಬಲ್ಲಿಗೆ ನಿಲ್ಲದೆ, ಹಾಕಿದ ಬಂಡವಾಳವೆಷ್ಟು, ಹುಟ್ಟಿದ ಫಲವೆಷ್ಟು ಎಂಬುದೂ ಇಲ್ಲಿ ಸೇರಿದೆ. ಇದಕ್ಕೆ ಕಾಲದ ಚೌಕಟ್ಟನ್ನು ಅಕ್ಷಪಟಲದ ಅಧ್ಯಾಯವು ಒದಗಿಸುತ್ತದೆ. ಕರ್ಮಸಂವತ್ಸರವೆಂದರೆ ೩೫೪ ಅಹೋರಾತ್ರಗಳು. ಆಷಾಢದ ಹುಣ್ಣಿಮೆಗೆ ಅದು ಮುಗಿಯುವುದು. ಅಧಿಕಾರಿಗಳು ಮುದ್ರೆಯೊತ್ತಿದ ಲೆಕ್ಕಗಳೊಡನೆ ಬರತಕ್ಕದ್ದು.

ನಿರೀಕ್ಷಿತ ಫಲವನ್ನು ಗೊತ್ತುಮಾಡುವ ಬಗೆಯನ್ನು ಗೋಧ್ಯಕ್ಷನ ಅಧ್ಯಾಯದಷ್ಟು ಸೊಗಸಾಗಿ ಬೇರಾವುದೂ ತೋರಿಸಲಾರದು. ಒಂದು ದ್ರೋಣ ಹಸುವಿನ ಹಾಲಿಗೆ ಒಂದು ಪ್ರಸ್ಥ ತುಪ್ಪ ಬರಬೇಕು. ಎಮ್ಮೆಯ ಹಾಲಿಗೆ ಅದಕ್ಕಿಂತ ಐದನೆಯ ಒಂದು ಪಾಲು ಹೆಚ್ಚು. ಆಡುಕುರಿಗಳ ಹಾಲಿಗೆ ಅರ್ಧ ಹೆಚ್ಚು. ಇಷ್ಟು ಖಚಿತವಾಗಿ ಹೇಳಿದ ಶಾಸ್ತ್ರಕಾರನೇ ಮರುಕ್ಷಣದಲ್ಲಿ, ಕಡೆದು ನೋಡುವುದೇ ಎಲ್ಲಕ್ಕೂ ಪ್ರಮಾಣವಾಗಬಹುದೆಂದು ಬಾಗಿಲನ್ನು ತೆರೆದಿಡುತ್ತಾನೆ. ನೆಲ, ಹುಲ್ಲು, ನೀರುಗಳ ಭೇದದಿಂದ ಹಾಲುತುಪ್ಪಗಳು ಹೆಚ್ಚುತ್ತವೆಂಬುದನ್ನು ಅವನು ಬಲ್ಲನು. ಅಲ್ಲದೆ ಹಿಂಡನ್ನು ಕಾಯುವ ಗೋಪಾಲಕಾದಿಗಳಿಗೆ ಕೂಲಿಯನ್ನು ಹಣದಲ್ಲಿಯೇ ಕೊಡಬೇಕು, ಹಾಲುತುಪ್ಪಗಳ ರೂಪದಲ್ಲಿ ಕೊಡಬಾರದು. ಕೊಟ್ಟರೆ ಅವರು ಕರುಗಳನ್ನು ಕೆಡಿಸುವರು. ಸಂಬಳದ ರೀತಿಯೇ ಸೇವಕನನ್ನು ಅಡ್ಡದಾರಿಗೆ ಎಳೆಯಬಲ್ಲುದೆಂಬ ಈ ಅರಿವು ದೊಡ್ಡಿಯಲ್ಲಿ ನಿಂತು ನೋಡಿದವನದು, ಬರಿಯ ಪುಸ್ತಕಪಂಡಿತನದಲ್ಲ.

ಸೂತ್ರಾಧ್ಯಕ್ಷನ ಹೊಣೆಯು ಎರಡು ಕಡೆಗೂ ಕೊಯ್ಯುವ ಕತ್ತಿ. ನೂಲು ಕಡಮೆಯಾದರೆ ದ್ರವ್ಯದ ಬೆಲೆಗೆ ತಕ್ಕಂತೆ ನೂಲುವವಳ ಕೂಲಿಯೂ ಇಳಿಯುವುದು. ಕೂಲಿಯನ್ನು ಪಡೆದು ಕೆಲಸ ಮಾಡದವಳಿಗೆ ಬೆರಳನ್ನು ಕಳೆಯುವಷ್ಟು ಕ್ರೂರವಾದ ದಂಡವಿದೆ. ಆದರೆ ಕೂಲಿ ಕೊಡುವ ಕಾಲವನ್ನು ಮೀರಿಸಿದ ಅಧಿಕಾರಿಗೂ ಮಧ್ಯಮ ಸಾಹಸದಂಡ; ಮಾಡದ ಕೆಲಸಕ್ಕೆ ಕೂಲಿ ಕೊಟ್ಟರೂ ಅದೇ.

ಫಲವು ಕಡಮೆಯಾದಾಗ ಏನು ಮಾಡಬೇಕೆಂಬುದರಲ್ಲಿ ಪೂರ್ವಾಚಾರ್ಯರಿಗೆ ಏಕಮತವಿರಲಿಲ್ಲ. ಅಜ್ಞಾನ, ಆಲಸ್ಯ, ಪ್ರಮಾದ, ಭಯ, ಕಾಮ, ಕೋಪ, ದರ್ಪ, ಲೋಭಗಳೆಂಬ ಎಂಟರಿಂದ ಆಯವು ಕೆಡುವುದು. ಮಾನವರು ಈ ಕ್ರಮದಲ್ಲಿ ದಂಡವು ನಷ್ಟದ ಒಂದೊಂದು ಪಟ್ಟು ಏರಬೇಕೆಂದರು. ಪಾರಾಶರರು ಎಂಟು ಪಟ್ಟು, ಬಾರ್ಹಸ್ಪತ್ಯರು ಹತ್ತು, ಔಶನಸರು ಇಪ್ಪತ್ತು ಎಂದರು. ಕೌಟಿಲ್ಯನು ಅಪರಾಧಕ್ಕೆ ತಕ್ಕಷ್ಟೇ ಎಂದು ಈ ಹರಾಜನ್ನು ನಿಲ್ಲಿಸುತ್ತಾನೆ. ಮುಂದೆ ಎಂಟನೆಯ ಅಧ್ಯಾಯದಲ್ಲಿ, ಸಿದ್ಧಿಸಬೇಕಾದುದನ್ನು ಸಾಧಿಸದಿರುವ ಪ್ರತಿಬಂಧಕ್ಕೆ ‘ದಶಬಂಧ’ ದಂಡವೆಂದಿದೆ. ಶಾಮಶಾಸ್ತ್ರಿಗಳು ಇದನ್ನು ಹತ್ತು ಪಟ್ಟೆಂದು ಅನುವಾದಿಸಿದರು. ಅನಂತರದವರು ಹತ್ತನೆಯ ಒಂದು ಪಾಲೆಂದರು. ಕೆರೆ ಕಟ್ಟಿಸಿದವರಿಗೆ ಬಿಡುತ್ತಿದ್ದ ದಶವಂದವನ್ನು ಕನ್ನಡ ಶಾಸನಗಳಲ್ಲಿ ಕಂಡವರಿಗೆ ಎರಡನೆಯ ಅರ್ಥವೇ ಸಹಜವಾಗಿ ತೋರುವುದು. ಗೊತ್ತಾದ ಆಯವನ್ನು ಇಳಿಸಿದರೆ ಅಥವಾ ವ್ಯಯವನ್ನು ಏರಿಸಿದರೆ ದಂಡವು ನಷ್ಟದ ನಾಲ್ಕು ಪಟ್ಟು.

ಇಷ್ಟೇ ಆಗಿದ್ದರೆ ಇದು ಯಾವ ಖಜಾನೆಯ ನಿಯಮಾವಳಿಗಾದರೂ ಹೊಂದುವ ಮಾತು. ಅರ್ಥಶಾಸ್ತ್ರದ ವಿಶೇಷವು ಬೇರೆ ಕಡೆ ಇದೆ. ಆಯವನ್ನು ಕಡಮೆ ಮಾಡಿದವನು ರಾಜನ ಅರ್ಥವನ್ನು ತಿನ್ನುವವನು. ಬಂದ ಆಯವನ್ನೆಲ್ಲ ವೆಚ್ಚಕ್ಕೆ ಹಾಕಿದವನು ಜನರ ದುಡಿಮೆಯನ್ನು ತಿನ್ನುವವನು. ಆಯವನ್ನು ಎರಡರಷ್ಟು ಮಾಡಿದವನು ಜನಪದವನ್ನೇ ತಿನ್ನುವವನು. ಈ ಮೂರನೆಯವನು ಕದ್ದವನಲ್ಲ. ಹೆಚ್ಚಿಗೆ ಬಂದುದನ್ನು ರಾಜನಿಗೇ ತಂದೊಪ್ಪಿಸಿದರೂ, ಅಪರಾಧವು ಅಲ್ಪವಾದರೆ ಅವನನ್ನು ತಡೆಯಬೇಕು, ಮಹತ್ತಾದರೆ ದಂಡಿಸಬೇಕು. ರಾಜನ ಬೊಕ್ಕಸದ ವೃದ್ಧಿಯನ್ನೇ ಗುರಿಯಾಗಿಟ್ಟ ಶಾಸ್ತ್ರವೊಂದು ಬೊಕ್ಕಸವನ್ನು ತುಂಬಿದವನನ್ನು ಅಪರಾಧಿಯೆಂದು ಕರೆದುದು ಸಣ್ಣ ಸಂಗತಿಯಲ್ಲ.

ಆದರೂ ಅದೇ ಅಧ್ಯಾಯದಲ್ಲಿ, ಆಜ್ಞಾಪಿಸಿದಷ್ಟನ್ನು ಅಥವಾ ಅದಕ್ಕಿಂತ ಹೆಚ್ಚನ್ನು ಸಾಧಿಸಿದವನಿಗೆ ಸ್ಥಾನಮಾನಗಳು ಲಭಿಸಬೇಕೆಂದೂ ಇದೆ. ಇದು ವಿರೋಧವಾಗಿ ಕಾಣುವುದು. ಅಧ್ಯಾಯದ ಕೊನೆಯಲ್ಲಿ ಬರುವ, ನ್ಯಾಯದಿಂದ ಅರ್ಥವನ್ನು ವೃದ್ಧಿಪಡಿಸಿದವರನ್ನೇ ಸ್ಥಿರವಾದ ಅಧಿಕಾರದಲ್ಲಿಡಬೇಕೆಂಬ ವಿಧಿಯು ಈ ಗಂಟನ್ನು ಬಿಡಿಸುವಂತಿದೆ. ಸಾಮಾನ್ಯವಾಗಿ ಅಧಿಕಾರಗಳು ಹಲವು ಮುಖ್ಯರುಳ್ಳವೂ ಅನಿತ್ಯವೂ ಆಗಿರಬೇಕೆಂದು ವಿಧಿಸುವವನು ಇವರಿಗೆ ಮಾತ್ರ ವಿನಾಯಿತಿ ಕೊಡುತ್ತಾನೆ. ಹೆಚ್ಚಳವು ದೋಷವಲ್ಲ; ಅದು ಎಲ್ಲಿಂದ ಬಂದಿತೆಂಬುದೇ ವಿಚಾರಣೀಯ.

ಜನಪದದಿಂದ ಹಿಂಡಿದ ಆ ಇಮ್ಮಡಿಯನ್ನು ಜನರಿಗೆ ಹಿಂದಿರುಗಿಸಬೇಕೆಂದು ಆ ಸ್ಥಳದಲ್ಲಿ ಹೇಳಿಲ್ಲ. ಹಿಂದಿನ ಅಧ್ಯಾಯದಲ್ಲಿ ಮಾತ್ರ, ಇಂತಹ ಅಧಿಕಾರಿಯಿಂದ ನೊಂದವರು ಬಂದು ತಿಳಿಸಲೆಂದು ಅವನ ಸೀಮೆಯಲ್ಲಿ ಸಾರಿಸಬೇಕೆಂದೂ, ತಿಳಿಸಿದವರಿಗೆ ಆದ ಹಾನಿಯಷ್ಟನ್ನು ಕೊಡಿಸಬೇಕೆಂದೂ ಇದೆ.