ಚರ್ಮದ ಗಾಯಗಳಿಗೆ ಲೇಪಿಸುವ ಔಷಧಗಳು: ಸಾರ್ವಜನಿಕರಿಗೆ ಮಾಹಿತಿ

ಗಾಯವನ್ನು ಮಾಯಿಸುವುದು ದೇಹವೇ ಹೊರತು ಮುಲಾಮು ಅಲ್ಲ. ಸೂಕ್ತ ಔಷಧವು ಈ ಕಾರ್ಯಕ್ಕೆ ಅನುಕೂಲ ಕಲ್ಪಿಸುತ್ತದೆ. ಅನುಚಿತವಾದುದು ಅದನ್ನು ವಿಳಂಬಗೊಳಿಸುತ್ತದೆ.

ಗಾಯ ಮಾಯುವ ಹಂತಗಳು

ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅನಂತರ ಕೆಲವು ದಿನ ಊತ ಕಾಣಿಸಿಕೊಂಡು, ಬಿಳಿ ರಕ್ತಕಣಗಳು ರೋಗಾಣುಗಳನ್ನು ನಾಶಪಡಿಸುತ್ತವೆ. ತರುವಾಯ ಹೊಸ ಅಂಗಾಂಶ ಬೆಳೆದು, ಅಂಚಿನಿಂದ ಚರ್ಮ ಹಬ್ಬುತ್ತದೆ. ಕಲೆಯು ಬಲಗೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ತೇವ ಉಳಿಸಿಕೊಂಡ ಗಾಯದಲ್ಲಿ ಚರ್ಮವು ಬೇಗ ಹಬ್ಬುವುದೆಂದು 1962ರಲ್ಲಿ ಜಾರ್ಜ್ ವಿಂಟರ್ ಅವರು ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಆದುದರಿಂದ ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬ ನಂಬಿಕೆ ಸರಿಯಲ್ಲ.

ಔಷಧಗಳು ಮತ್ತು ಅವುಗಳ ಪರಿಣಾಮ

1. ಪೆಟ್ರೋಲಿಯಂ ಜೆಲ್ಲಿ: ತೇವವನ್ನು ಕಾಯ್ದಿಡುತ್ತದೆ. ನೀರಿನಿಂದ ತೊಳೆದ ಸಣ್ಣ ಗಾಯಕ್ಕೆ ಇದು ಮತ್ತು ಶುದ್ಧವಾದ ಪಟ್ಟಿ ಸಾಮಾನ್ಯವಾಗಿ ಸಾಕಾಗುತ್ತವೆ.

2. ಪ್ರತಿಜೀವಕ ಮುಲಾಮು: ಸೋಂಕು ಇದ್ದಲ್ಲಿ ವೈದ್ಯರ ಸಲಹೆಯಂತೆ ಬಳಸತಕ್ಕದ್ದು. ನಿಯೋಮೈಸಿನ್ ಕೆಲವರಿಗೆ ಅಲರ್ಜಿ ಉಂಟುಮಾಡುತ್ತದೆ. ಅನಗತ್ಯ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ.

3. ನಂಜುನಿರೋಧಕಗಳು: ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸ್ಪಿರಿಟ್ ರೋಗಾಣುಗಳೊಡನೆ ಹೊಸ ಜೀವಕೋಶಗಳಿಗೂ ಹಾನಿ ಮಾಡುತ್ತವೆ, ಪದೇ ಪದೇ ಹಚ್ಚಕೂಡದು. ಥೈರಾಯ್ಡ್ ತೊಂದರೆ ಇರುವವರು ಹಾಗೂ ಶಿಶುಗಳಿಗೆ ಪೊವಿಡೋನ್ ಅಯೋಡಿನ್ ಬಳಸುವ ಮುನ್ನ ವೈದ್ಯರನ್ನು ಕೇಳತಕ್ಕದ್ದು.

4. ಸಿಲ್ವರ್ ಸಲ್ಫಾಡಯಜಿನ್: 1960ರ ದಶಕದಿಂದ ಸುಟ್ಟ ಗಾಯಗಳಿಗೆ ಬಳಕೆಯಲ್ಲಿದೆ. ಆದರೆ ಮೇಲ್ಪದರದ ಸುಟ್ಟ ಗಾಯಗಳು ಕೆಲವು ಆಧುನಿಕ ಪಟ್ಟಿಗಳಿಂದ ಇದಕ್ಕಿಂತ ಬೇಗ ಮಾಯುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಸಲ್ಫಾ ಅಲರ್ಜಿ ಇರುವವರು, ತುಂಬು ಗರ್ಭಿಣಿಯರು ಮತ್ತು 2 ತಿಂಗಳೊಳಗಿನ ಶಿಶುಗಳಿಗೆ ಇದು ಸಲ್ಲದು.

5. ಸ್ಟೀರಾಯ್ಡ್ ಮುಲಾಮು: ತುರಿಕೆ, ಇಸಬುಗಳಿಗೆ ನೀಡುವ ಈ ಔಷಧವನ್ನು ತೆರೆದ ಗಾಯಕ್ಕೆ ಹಚ್ಚಿದರೆ ಹೊಸ ಅಂಗಾಂಶದ ಬೆಳವಣಿಗೆ ಕುಂಠಿತವಾಗುತ್ತದೆ ಮತ್ತು ಸೋಂಕು ಹೆಚ್ಚಬಹುದು. ಮನೆಯಲ್ಲಿ ಉಳಿದ ಹಳೆಯ ಟ್ಯೂಬನ್ನು ಗಾಯಕ್ಕೆ ಬಳಸಬಾರದು.

ಸುಟ್ಟಾಗ ಮೊದಲು ಮಾಡಬೇಕಾದುದು

ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಸುಣ್ಣ, ಎಣ್ಣೆ ಇವುಗಳನ್ನು ಹಚ್ಚಕೂಡದು. ಇವು ಗಾಯದ ಆಳವನ್ನು ಅಳೆಯಲು ವೈದ್ಯರಿಗೆ ಅಡ್ಡಿಯಾಗುತ್ತವೆ.

ಆಸ್ಪತ್ರೆಗೆ ತೆರಳಬೇಕಾದ ಸಂದರ್ಭಗಳು

• ಮುಖ, ಕೈ ಅಥವಾ ಗುಪ್ತಾಂಗ ಸುಟ್ಟಿದ್ದಲ್ಲಿ
• ಮಧುಮೇಹ ಇರುವವರ ಪಾದದಲ್ಲಿ ಗಾಯವಾದಲ್ಲಿ, ಅದು ನೋಯದಿದ್ದರೂ ಸಹ
• ಕೀವು, ಜ್ವರ ಅಥವಾ ಹರಡುವ ಕೆಂಪು ಕಂಡುಬಂದಲ್ಲಿ
• ಪ್ರಾಣಿ ಕಚ್ಚಿದಲ್ಲಿ. ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಹೊರಡಬೇಕು

ಧನುರ್ವಾಯು ಲಸಿಕೆಯ ಅಗತ್ಯವನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ಈಗಾಗಲೇ ಹಚ್ಚಿರುವ ಔಷಧದ ಟ್ಯೂಬನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿ.